ಕೋಟ್ಟಯಂ ಸಂಪಾದಕರ ಬ್ಯಾಂಕು ಮುಳುಗಿದ ಕಥೆ

ಒಂದು ಬ್ಯಾಂಕು ಮುಳುಗಬೇಕಾದರೆ ಕನ್ನ ಹಾಕುವ ಕಳ್ಳ ಬೇಕಾಗಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಎರಡು ಮಾತು ಊದಿದರೆ ಸಾಕು. ಮಾರನೇ ದಿನ ಬಾಗಿಲು ತೆಗೆಯುವ ಹೊತ್ತಿಗೆ ಪಾಸ್ ಬುಕ್ಕು ಹಿಡಿದ ನೂರು ಜನ ಹೊರಗೆ ನಿಂತಿರುತ್ತಾರೆ. ಅದನ್ನು ನೋಡಿದ ಇನ್ನೂರು ಜನ ಮನೆಗೆ ಓಡಿ ತಮ್ಮ ಪಾಸ್ ಬುಕ್ಕು ಹುಡುಕುತ್ತಾರೆ. 2020ರಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮುಂದೆ ಪಿಂಚಣಿದಾರರು ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ.

ನಮ್ಮ ಕರಾವಳಿಯವರಿಗೆ ಬ್ಯಾಂಕು ಅಂದರೆ ತವರುಮನೆ ಇದ್ದ ಹಾಗೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ್ದು ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಹುಟ್ಟಿದ ಬ್ಯಾಂಕುಗಳ ಕಥೆ ನಾವು ಬೇಕಾದಷ್ಟು ಬರೆದುಕೊಂಡಿದ್ದೇವೆ. ಸತ್ತ ಬ್ಯಾಂಕಿನ ಕಥೆ ಬರೆಯುವವರು ಕಡಿಮೆ. ಅಂಥದ್ದೊಂದು ನಮ್ಮ ದಕ್ಷಿಣಕ್ಕೆ, ತಿರುವಾಂಕೂರಿನಲ್ಲಿ ನಡೆಯಿತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆ ಬ್ಯಾಂಕಿನ ಸಾವಿನ ಪಂಚನಾಮೆ ನಡೆದದ್ದು ನಮಗೂ ದೊಡ್ಡ ಕೋರ್ಟಾಗಿದ್ದ ಮದರಾಸು ಹೈಕೋರ್ಟಿನಲ್ಲಿ. ಹಾಗಾಗಿ ತೀರಾ ಪರದೇಶದ ಸುದ್ದಿಯೇನಲ್ಲ.

ಕಥೆಯ ನಾಯಕರು ಕಂಡತ್ತಿಲ್ ಚೆರಿಯಾನ್ ಮಾಮ್ಮನ್ ಮಾಪಿಳ್ಳೆ. ಮಲಯಾಳ ಮನೋರಮಾ ಪತ್ರಿಕೆಯ ಸಂಪಾದಕರು. ಹೆಸರು ಕೇಳಿ ಗಲಿಬಿಲಿ ಬೇಡ. ನಮ್ಮ ಕಡೆ ಮಾಪಿಳ್ಳೆ ಅಂದರೆ ಮಲಬಾರಿನ ಮುಸಲ್ಮಾನರು ಅಂತಲೇ ಲೆಕ್ಕ. ತಿರುವಾಂಕೂರಿನಲ್ಲಿ ಸಿರಿಯನ್ ಕ್ರೈಸ್ತರ ಹಳೇ ಮನೆತನದವರಿಗೂ ಅದೊಂದು ಮರ್ಯಾದೆಯ ಬಿರುದು. ಇವರು ಕ್ರೈಸ್ತರು.

ಹುಟ್ಟಿದ್ದು 1873ರಲ್ಲಿ. ಚಿಕ್ಕಪ್ಪ ಕಂಡತ್ತಿಲ್ ವರ್ಗೀಸ್ ಮಾಪಿಳ್ಳೆ ಸಾಹಿತ್ಯದ ಹುಚ್ಚಿನವರು. ಊರವರಿಂದ ಷೇರು ಎತ್ತಿ ಕಂಪನಿ ಕಟ್ಟಿ 1890ರಲ್ಲಿ ಕೋಟ್ಟಯಂನಲ್ಲಿ ಮನೋರಮಾ ಹೊರಡಿಸಿದರು. ಪತ್ರಿಕೆಗೆ ಷೇರು ಕಂಪನಿ ಕಟ್ಟುವುದು ಆ ಕಾಲಕ್ಕೆ ಹೊಸ ಮಾತು. ಮಾಮ್ಮನ್ ಮಾಪಿಳ್ಳೆ ಮೊದಲು ಕೋಟ್ಟಯಂನ ಎಂ.ಡಿ. ಸೆಮಿನರಿ ಶಾಲೆಯಲ್ಲಿ ಮೇಷ್ಟರಾಗಿದ್ದರು. 1904ರಲ್ಲಿ ಚಿಕ್ಕಪ್ಪ ತೀರಿಕೊಂಡಾಗ ಪತ್ರಿಕೆಯ ಭಾರ ಇವರ ಹೆಗಲಿಗೆ ಬಂತು. ಆಗ ವಯಸ್ಸು ಮೂವತ್ತೊಂದು. ಅಲ್ಲಿಂದ ಸಾಯುವವರೆಗೂ, ನಡುವೆ ಬಾಗಿಲಿಗೆ ಬೀಗ ಬಿದ್ದ ವರ್ಷಗಳನ್ನು ಬಿಟ್ಟರೆ, ಅವರೇ ಸಂಪಾದಕರು.

ಮೇಷ್ಟ್ರು ಸಂಪಾದಕರಾದರೆ ಏನು ಮಾಡುತ್ತಾರೆ? ಊರಿಗೆಲ್ಲ ಪಾಠ ಹೇಳಲು ಶುರು ಮಾಡುತ್ತಾರೆ. ಇವರೂ ಅದನ್ನೇ ಮಾಡಿದರು. ಆದರೆ ಹೇಳಿದ್ದನ್ನು ಮಾಡಿಯೂ ತೋರಿಸಿದರು ಅನ್ನುವುದು ದೊಡ್ಡದು. ರಬ್ಬರು ಬೆಳೆಯಿರಿ ಅಂತ ಬರೆದರು, ತಾವೇ ತೋಟದ ಕಂಪನಿಗೆ ಕೈ ಹಾಕಿದರು. ಅಲ್ಲಿಯವರೆಗೆ ರಬ್ಬರು ಅಂದರೆ ಬಿಳೀ ದೊರೆಗಳ ಬೆಳೆ. ಜೀವವಿಮೆ ಮಾಡಿಸಿ ಅಂದರು, ವಿಮಾ ಕಂಪನಿ ಕಟ್ಟಿದರು. ಮಕ್ಕಳಿಗೆ ಓದುವ, ಮಾತಾಡುವ ಚಟ ಹತ್ತಲಿ ಅಂತ 1929ರಲ್ಲಿ ಬಾಲಜನಸಖ್ಯಂ ಎಂಬ ಮಕ್ಕಳ ಸಂಘ ಶುರು ಮಾಡಿದರು. 1928ರ ಜನವರಿಯಲ್ಲಿ ಮನೋರಮಾ ದಿನಪತ್ರಿಕೆಯಾಯಿತು. ಮಹಾರಾಜರ ಪ್ರಜಾಸಭೆಯಲ್ಲಿ ಸದಸ್ಯರೂ ಆಗಿದ್ದರು.

ಇದರ ನಡುವೆ 1912ರಲ್ಲಿ ತಿರುವಲ್ಲ ಎಂಬ ಸಣ್ಣ ಪೇಟೆಯಲ್ಲಿ ತಿರುವಾಂಕೂರ್ ನ್ಯಾಷನಲ್ ಬ್ಯಾಂಕು ಎದ್ದಿತು.

ತಿರುವಲ್ಲ ಅಂದರೆ ದೊಡ್ಡ ಬಂದರೂ ಅಲ್ಲ, ರಾಜಧಾನಿಯೂ ಅಲ್ಲ. ಸುತ್ತ ಭತ್ತದ ಗದ್ದೆ, ತೆಂಗು, ಮೆಣಸು, ನಾಲ್ಕು ಚರ್ಚು. ಅಂಥಲ್ಲಿ ಬ್ಯಾಂಕು ಯಾಕೆ ಎದ್ದಿತು ಅಂತ ಕೇಳಬಹುದು. ತಿರುವಾಂಕೂರಿನಲ್ಲಿ ಆಗ ಬ್ಯಾಂಕುಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತಿದ್ದವು. 1930ರ ದಶಕದ ಮೊದಲ ವರ್ಷಗಳಲ್ಲಿ ಆ ಒಂದು ಸಂಸ್ಥಾನದಲ್ಲೇ ಇನ್ನೂರಕ್ಕೂ ಮೀರಿ ಬ್ಯಾಂಕುಗಳಿದ್ದವು ಅಂದರೆ ಲೆಕ್ಕ ಹಾಕಿ. ಬಹಳಷ್ಟು ಮೊದಲು ಚಿಟ್ಟಿ ನಡೆಸುತ್ತಿದ್ದವು. ಹೊರಗೆ ಬೋರ್ಡು ಬದಲಾಯಿಸಿ, ಒಳಗೆ ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟರೆ ಬ್ಯಾಂಕು. ಜನರಿಗೂ ಬೇಕಿತ್ತು. ತೆಂಗು, ಮೆಣಸು ಮಾರಿದ ಕಾಸು ಕೈಯಲ್ಲಿತ್ತು. ಮಗಳ ಮದುವೆಗೆಂದು ಕೂಡಿಟ್ಟ ಹಣ ಇತ್ತು. ಅದನ್ನೆಲ್ಲ ಮಣ್ಣಿನ ಮಡಕೆಯಲ್ಲಿ ಹೂಳುವ ಬದಲು ಪರಿಚಯದವರ ಬ್ಯಾಂಕಿನಲ್ಲಿ ಇಟ್ಟರೆ ಬಡ್ಡಿಯಾದರೂ ಬರುತ್ತದೆ. ಅದೇ ಹೊತ್ತಿಗೆ ಕಾಡು ಕಡಿದು ರಬ್ಬರು ಹಾಕುವವನಿಗೆ ಸಾಲ ಬೇಕು. ಒಬ್ಬನ ಕಾಸು ಇನ್ನೊಬ್ಬನ ತೋಟ. ನಡುವೆ ಬ್ಯಾಂಕು.

ಇಲ್ಲೇ ಗಂಟು ಇರುವುದು. ಠೇವಣಿ ಇಟ್ಟವನು ಕೇಳಿದ ದಿನ ಕೊಡಬೇಕು. ಸಾಲ ತೆಗೆದುಕೊಂಡವನ ರಬ್ಬರು ಗಿಡ ಹಾಲು ಕೊಡಲು ಆರೇಳು ವರ್ಷ ಬೇಕು. ನಮ್ಮ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದ ಮೇಲೆ ಕೊಟ್ಟ ಸಾಲ ಒಳ್ಳೆಯ ಸಾಲವೇ, ಭೂಮಿ ಓಡಿ ಹೋಗುವುದಿಲ್ಲ. ಆದರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಗಿಡ ಕಿತ್ತು ತಂದು ಕೌಂಟರಿನ ಮೇಲೆ ಇಡಲಿಕ್ಕಾಗುತ್ತದೆಯೇ? ಎಲ್ಲರೂ ಒಂದೇ ದಿನ ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಬ್ಯಾಂಕು ನಡೆಯುತ್ತದೆ. ಆ ಧೈರ್ಯ ಹೋಯ್ತೋ, ಬಂಗಾರದಂಥ ತೋಟವನ್ನು ಗಿರವಿ ಹಿಡಿದ ಬ್ಯಾಂಕೂ ಬೀದಿಗೆ ಬೀಳುತ್ತದೆ.

1929ರ ಕೊನೆಗೆ ಅಮೆರಿಕದ ಷೇರುಪೇಟೆ ಕುಸಿಯಿತು. ನ್ಯೂಯಾರ್ಕಿನಲ್ಲಿ ಬಿದ್ದ ಪೆಟ್ಟು ತಿರುವಲ್ಲದ ತೆಂಗಿನ ಮರಕ್ಕೆ ಹೇಗೆ ತಗಲಿತು ಅಂದರೆ, ಕೊಬ್ಬರಿ, ನಾರು, ಮೆಣಸು, ರಬ್ಬರು ಎಲ್ಲವೂ ಹಡಗು ಹತ್ತಿ ಹೋಗುವ ಸರಕು. ಅಲ್ಲಿ ಕೊಳ್ಳುವವನ ಕೈಲಿ ಕಾಸಿಲ್ಲ, ಇಲ್ಲಿ ದರ ಪಾತಾಳಕ್ಕೆ. 1932ರ ಹೊತ್ತಿಗೆ ರಬ್ಬರಿನ ಬೆಲೆ ಎಷ್ಟು ಇಳಿಯಿತು ಅಂದರೆ ಎಷ್ಟೋ ತೋಟಗಳಲ್ಲಿ ಹಾಲು ಇಳಿಸುವ ಕೂಲಿಯೂ ಗಿಟ್ಟುತ್ತಿರಲಿಲ್ಲ. 1934ರಲ್ಲಿ ರಬ್ಬರು ಬೆಳೆಯುವ ದೇಶಗಳೆಲ್ಲ ಸೇರಿ ಇಷ್ಟೇ ಮಾರಬೇಕು ಅಂತ ಒಪ್ಪಂದ ಮಾಡಿಕೊಂಡ ಮೇಲೆ ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ ಸಾಲಗಾರರ ಕಂತು ನಿಂತು ಹೋಗಿತ್ತು. ಗಿರವಿ ಇಟ್ಟ ಭೂಮಿಗೆ ಗಿರಾಕಿ ಇಲ್ಲ. ತಿರುವಾಂಕೂರಿನ ಸಣ್ಣ ಬ್ಯಾಂಕುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಅವುಗಳ ಹೆಸರು ಇವತ್ತು ಯಾರಿಗೂ ನೆನಪಿಲ್ಲ.

ಮಾಮ್ಮನ್ ಮಾಪಿಳ್ಳೆಯವರ ಬ್ಯಾಂಕು ಮಾತ್ರ ನಿಂತಿತು. ನಿಂತದ್ದಷ್ಟೇ ಅಲ್ಲ, ಬೆಳೆಯಿತು. 1937ರಲ್ಲಿ ಸಿ.ಪಿ. ಮತ್ತಾಯಿ ಅಥವಾ ಮಾತ್ತನ್ ಎಂಬ ಚುರುಕಿನ ಮನುಷ್ಯ ಕೊಲ್ಲಂನಲ್ಲಿ ಕಟ್ಟಿದ್ದ ಕ್ವಿಲಾನ್ ಬ್ಯಾಂಕಿನ ಜತೆ ಸೇರಿಕೊಂಡು ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಆಯಿತು. ರಿಸರ್ವ್ ಬ್ಯಾಂಕಿನ ಷೆಡ್ಯೂಲ್ ಪಟ್ಟಿಯಲ್ಲಿ ಹೆಸರು. ಸಂಸ್ಥಾನದ ಒಳಗೂ ಹೊರಗೂ ಶಾಖೆಗಳು, ಮದರಾಸಿನಲ್ಲಿ ಕಚೇರಿ. ತಿರುವಾಂಕೂರಿಗೆ ಅದೇ ದೊಡ್ಡ ಬ್ಯಾಂಕು. ದಕ್ಷಿಣದ ದೊಡ್ಡ ಬ್ಯಾಂಕುಗಳ ಸಾಲಿಗೆ ಬಂದು ಕೂತಿತು. ಎರಡು ಬ್ಯಾಂಕು ಸೇರಿದರೆ ಬಲ ಎರಡರಷ್ಟು ಅಂತ ಹೊರಗಿನವರು ತಿಳಿದರು. ಇಬ್ಬರ ಹಳೇ ಸಾಲಗಳೂ ಒಂದೇ ಪುಸ್ತಕಕ್ಕೆ ಬಂದವು ಅನ್ನುವುದನ್ನು ಯಾರು ನೋಡುತ್ತಾರೆ?

ಈಗ ರಾಜಕೀಯಕ್ಕೆ ಬರೋಣ. ಇದಿಲ್ಲದೆ ಕಥೆ ಅರ್ಥವಾಗುವುದಿಲ್ಲ.

ತಿರುವಾಂಕೂರಿನಲ್ಲಿ ಸರ್ಕಾರಿ ನೌಕರಿ, ಶಾಸನಸಭೆಯ ಸೀಟು ಎರಡರಲ್ಲೂ ತಮಗೆ ಪಾಲು ಸಿಗುತ್ತಿಲ್ಲ ಅಂತ ಕ್ರೈಸ್ತರು, ಈಳವರು, ಮುಸಲ್ಮಾನರು ಕೂಡಿ 1932ರ ಕೊನೆಯಿಂದ ಚಳವಳಿ ಹೂಡಿದ್ದರು. ಚುನಾವಣೆಗೆ ದೂರ ನಿಂತಿದ್ದರಿಂದ ಅದಕ್ಕೆ ನಿವರ್ತನ ಅಂತ ಹೆಸರು. ಮನೋರಮಾ ಚಳವಳಿಯ ಕಡೆ ವಾಲಿತು. 1936ರ ಅಕ್ಟೋಬರಿನಲ್ಲಿ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ದಿವಾನರಾದರು. ಮದರಾಸಿನ ಹೆಸರಾಂತ ವಕೀಲರು, ಮಹಾ ಬುದ್ಧಿವಂತರು. ಅವರು ದಿವಾನರಾದ ತಿಂಗಳೊಪ್ಪತ್ತಿನಲ್ಲೇ ದೇವಸ್ಥಾನಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಿತು. ವಿದ್ಯುತ್ತು, ಕಾರ್ಖಾನೆ, ರಸ್ತೆ ಅಂತ ಮಾಡಿದ ಕೆಲಸ ಕಡಿಮೆಯಲ್ಲ. ಅದನ್ನು ಮುಚ್ಚಿಟ್ಟು ಬರೆದರೆ ಅನ್ಯಾಯ. ಆದರೆ ಎದುರು ಮಾತಾಡಿದವರನ್ನು ಸಹಿಸುವ ಗುಣ ಅವರಲ್ಲಿರಲಿಲ್ಲ. 1938ರ ಫೆಬ್ರವರಿಯಲ್ಲಿ ಪಟ್ಟಂ ತಾಣು ಪಿಳ್ಳೆಯವರ ಮುಂದಾಳತ್ವದಲ್ಲಿ ತಿರುವಾಂಕೂರ್ ಸ್ಟೇಟ್ ಕಾಂಗ್ರೆಸ್ ಹುಟ್ಟಿತು. ಜವಾಬ್ದಾರಿ ಸರ್ಕಾರ ಕೊಡಿ ಅಂತ ಕೂಗೆದ್ದಿತು. ದಿವಾನರ ಮೇಲೆಯೇ ದೂರು ಬರೆದು ಮಹಾರಾಜರಿಗೆ ಕೊಟ್ಟರು. ಮನೋರಮಾ ಸ್ಟೇಟ್ ಕಾಂಗ್ರೆಸ್ಸಿನ ಬೆನ್ನಿಗೆ ನಿಂತಿತು.

ಪತ್ರಿಕೆಯ ಸಂಪಾದಕ ದಿವಾನರನ್ನು ಎದುರು ಹಾಕಿಕೊಳ್ಳಬಹುದು. ಬಂದರೆ ಜೈಲು, ಹೋದರೆ ಅಚ್ಚಿನ ಮಿಷನ್ನು. ಆದರೆ ಅದೇ ಸಂಪಾದಕನ ಇನ್ನೊಂದು ಕೈಯಲ್ಲಿ ಸಾವಿರಾರು ಮನೆಯವರ ಗಂಟು ಇದ್ದರೆ? ಪತ್ರಿಕೆಗೆ ಧೈರ್ಯವೇ ಬಂಡವಾಳ. ಬ್ಯಾಂಕಿಗೆ ಅದೇ ಧೈರ್ಯ ಗಂಡಾಂತರ. ಮಾಮ್ಮನ್ ಮಾಪಿಳ್ಳೆ ಎರಡನ್ನೂ ಒಂದೇ ಮನೆಯಲ್ಲಿ ಇಟ್ಟಿದ್ದರು. ನಮ್ಮ ಅಭಿಪ್ರಾಯ ಕೇಳಿದರೆ, ಅವರ ಬದುಕಿನ ದೊಡ್ಡ ತಪ್ಪು ಅಂತ ಒಂದಿದ್ದರೆ ಅದು ಇದೇ.

1938ರ ಬೇಸಿಗೆಯಲ್ಲಿ ಗುಸುಗುಸು ಹಬ್ಬಿತು. ಬ್ಯಾಂಕಿನಲ್ಲಿ ಹಣ ಇಲ್ಲವಂತೆ, ಸರ್ಕಾರದವರು ತಿರುಗಿ ಬಿದ್ದಿದ್ದಾರಂತೆ. ಇಂಥ ಸುದ್ದಿಗೆ ಕಾಲಿರುವುದಿಲ್ಲ, ರೆಕ್ಕೆ ಇರುತ್ತದೆ. ಶಾಖೆ ಶಾಖೆಯ ಮುಂದೆ ಜನ ಸೇರಿದರು. ಬ್ಯಾಂಕು ಇದ್ದ ರೊಕ್ಕ ಕೊಟ್ಟಿತು, ಇಟ್ಟಿದ್ದ ಸಾಲಪತ್ರ ಅಡವಿಟ್ಟು ತಂದು ಕೊಟ್ಟಿತು. ಕೊಟ್ಟಷ್ಟೂ ಸಾಲು ಉದ್ದವಾಯಿತು. ಇದು ದಿವಾನರೇ ಬೇಕೆಂದು ಹಚ್ಚಿದ ಬೆಂಕಿ ಅಂತ ಮಾಪಿಳ್ಳೆ ಕುಟುಂಬದವರೂ ಅವರ ಅಭಿಮಾನಿಗಳೂ ಇವತ್ತಿಗೂ ಹೇಳುತ್ತಾರೆ. ಬ್ಯಾಂಕು ಒಳಗೇ ಗೆದ್ದಲು ಹಿಡಿದಿತ್ತು, ನಾವು ಠೇವಣಿದಾರರನ್ನು ಉಳಿಸಲು ಹೊರಟೆವು ಅನ್ನುವುದು ದಿವಾನರ ಕಡೆಯ ವಾದ.

ಬ್ಯಾಂಕಿನವರು ರಿಸರ್ವ್ ಬ್ಯಾಂಕಿನ ಕಡೆ ನೋಡಿದರು. ರಿಸರ್ವ್ ಬ್ಯಾಂಕು ಹುಟ್ಟಿ ಆಗಿನ್ನೂ ಮೂರು ವರ್ಷ. 1935ರ ಏಪ್ರಿಲ್ ಒಂದರಂದು ಶುರುವಾದದ್ದು. ಕಾಯ್ದೆಯ ಪ್ರಕಾರ ಅದು ಸರ್ಕಾರಿ ಸಾಲಪತ್ರದ ಮೇಲೆ, ಅಥವಾ ಬೇಗ ಕೈಗೆ ಬರುವ ಒಳ್ಳೆಯ ವ್ಯಾಪಾರಿ ಹುಂಡಿಯ ಮೇಲೆ ಮಾತ್ರ ಸಾಲ ಕೊಡಬಹುದಿತ್ತು. ರಬ್ಬರು ತೋಟದ ಪತ್ರ ಹಿಡಿದುಕೊಂಡು ಹೋದರೆ ಅಲ್ಲಿ ಬೆಲೆಯಿಲ್ಲ. ಇನ್ನೊಂದು ತಮಾಷೆ ನೋಡಿ. ಬ್ಯಾಂಕುಗಳನ್ನು ತನಿಖೆ ಮಾಡಿ, ತಪ್ಪು ಕಂಡರೆ ಕಿವಿ ಹಿಂಡುವ ಅಧಿಕಾರವೂ ಆಗ ರಿಸರ್ವ್ ಬ್ಯಾಂಕಿಗೆ ಇರಲಿಲ್ಲ. ಕಾಯಿಲೆ ಬಂದ ಮೇಲೆ ಡಾಕ್ಟರ ಹತ್ತಿರ ಓಡಿದ ಹಾಗಾಯ್ತು. ಡಾಕ್ಟರಿಗೋ ನಾಡಿ ಹಿಡಿಯಲು ಪರವಾನಗಿಯಿಲ್ಲ.

ಜೂನ್ ಮೂರನೇ ವಾರದಲ್ಲಿ ಬ್ಯಾಂಕು ಹಣ ಕೊಡುವುದನ್ನು ನಿಲ್ಲಿಸಿತು. ಹುಟ್ಟಿ ಇಪ್ಪತ್ತಾರು ವರ್ಷ, ಕೂಡಿಕೆಯಾಗಿ ಒಂದೇ ವರ್ಷ.

ಬ್ಯಾಂಕು ಮುಚ್ಚಿದ ಮೇಲೆ ಏನಾಗುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕೋರ್ಟಿಗೆ ಅರ್ಜಿ ಹೋಗುತ್ತದೆ. ಕೋರ್ಟು ಲಿಕ್ವಿಡೇಟರನ್ನು ನೇಮಿಸುತ್ತದೆ. ಅವನು ಬಂದು ಬೀಗದ ಕೈ ಇಸಕೊಳ್ಳುತ್ತಾನೆ. ಮೇಜು ಕುರ್ಚಿಯಿಂದ ಹಿಡಿದು ಗಿರವಿ ಪತ್ರದವರೆಗೆ ಪಟ್ಟಿ ಮಾಡುತ್ತಾನೆ. ಅಲ್ಲಿಂದ ಮುಂದೆ ಆ ಬ್ಯಾಂಕಿಗೆ ಸಾಲ ಕೊಡುವ ಕೆಲಸವಿಲ್ಲ, ವಸೂಲಿ ಮಾಡುವ ಕೆಲಸ ಮಾತ್ರ. ಇಷ್ಟು ದಿನ ಮ್ಯಾನೇಜರು ಮುಖ ನೋಡಿ ಆರು ತಿಂಗಳು ಬಿಟ್ಟುಕೊಡುತ್ತಿದ್ದ. ಲಿಕ್ವಿಡೇಟರಿಗೆ ಮುಖದಾಕ್ಷಿಣ್ಯ ಇಲ್ಲ. ಸಾಲಗಾರನ ಮನೆ ಬಾಗಿಲಿಗೆ ನೋಟಿಸು, ಆಮೇಲೆ ಹರಾಜು. ದರ ಬಿದ್ದ ಕಾಲದಲ್ಲಿ ಹರಾಜಿಗೆ ಬಂದ ಭೂಮಿಗೆ ಎಷ್ಟು ಬರುತ್ತದೆ ಅಂತ ಬೇರೆ ಹೇಳಬೇಕೆ? ಅತ್ತ ಠೇವಣಿದಾರ ತನ್ನ ಹಕ್ಕಿನ ಅರ್ಜಿ ಬರೆದು ಕೊಟ್ಟು ಕೂರಬೇಕು. ವಸೂಲಾದದ್ದರಲ್ಲಿ ಖರ್ಚು ಕಳೆದು, ಕಾನೂನು ಮೊದಲ ಸಾಲಿನಲ್ಲಿ ಕೂರಿಸಿದವರಿಗೆ ಕೊಟ್ಟು, ಉಳಿದದ್ದನ್ನು ರೂಪಾಯಿಗೆ ಇಷ್ಟು ಆಣೆ ಅಂತ ಹಂಚುತ್ತಾರೆ. ಆ ಆಣೆಗಳೂ ಒಟ್ಟಿಗೆ ಬರುವುದಿಲ್ಲ. ವರ್ಷ ವರ್ಷ ಕಾದು ಕಂತಿನಲ್ಲಿ. ಮಗಳ ಮದುವೆ ಕಾಯುತ್ತದೆಯೇ?

ಇಲ್ಲಿ ಇನ್ನೊಂದು ತೊಡಕು. ಬ್ಯಾಂಕಿನ ಒಂದು ಕಾಲು ಬ್ರಿಟಿಷ್ ಇಂಡಿಯಾದ ಮದರಾಸಿನಲ್ಲಿ, ಇನ್ನೊಂದು ಕಾಲು ಮಹಾರಾಜರ ತಿರುವಾಂಕೂರಿನಲ್ಲಿ. ಕಾನೂನು ಎರಡು. ಲಿಕ್ವಿಡೇಷನ್ ಕೆಲಸ ಮದರಾಸು ಹೈಕೋರ್ಟಿನಲ್ಲಿ ನಡೆಯಿತು. ನಾನು ಕೊಟ್ಟದ್ದು ಠೇವಣಿಯಲ್ಲ, ಬರೀ ನಂಬಿಕೆಯ ಮೇಲೆ ಇಟ್ಟದ್ದು, ನನಗೆ ಪೂರ್ತಿ ಬರಬೇಕು ಅಂತ ತಕರಾರು ತಂದವರ ದಾವೆಗಳೇ ಎಷ್ಟೋ. ಈ ಬ್ಯಾಂಕಿನ ಹೆಸರು ಹೊತ್ತ ತೀರ್ಪುಗಳು ಕಾನೂನಿನ ಪುಸ್ತಕಗಳಲ್ಲಿ ಸೇರಿಕೊಂಡವು. ವಕೀಲರಿಗೆ ಅದು ಪಾಠವಾಯಿತು. ಠೇವಣಿದಾರನಿಗೆ ಅಲೆದಾಟವಾಯಿತು.

ಬ್ಯಾಂಕು ಮುಚ್ಚಿದ್ದರಿಂದ ದಿವಾನರ ಸಿಟ್ಟು ಇಳಿಯಲಿಲ್ಲ. 1938ರ ಸೆಪ್ಟೆಂಬರ್ 10ರಂದು ಕೋಟ್ಟಯಂನ ಮನೋರಮಾ ಕಚೇರಿಗೆ ಸರ್ಕಾರದ ಬೀಗ ಬಿತ್ತು. ಪತ್ರಿಕೆಯ ಪರವಾನಗಿ ರದ್ದು. ಸ್ವಲ್ಪ ಕಾಲ ಪಕ್ಕದ ಕೊಚ್ಚಿ ಸಂಸ್ಥಾನದ ಕುನ್ನಂಕುಳಂನಿಂದ ಹೇಗೋ ಹೊರಡಿಸಿದರು. ಅದೂ ನಿಂತಿತು. ಅಕ್ಟೋಬರಿನಲ್ಲಿ ಮದರಾಸಿನಲ್ಲಿದ್ದ ಮಾಮ್ಮನ್ ಮಾಪಿಳ್ಳೆಯವರನ್ನೂ, ಮಾತ್ತನ್ ಅವರನ್ನೂ, ಬ್ಯಾಂಕಿಗೆ ಸಂಬಂಧಪಟ್ಟ ಇನ್ನೂ ಕೆಲವರನ್ನೂ ಬಂಧಿಸಿ ತಿರುವಾಂಕೂರಿಗೆ ಕರೆದೊಯ್ದರು. ಸುಳ್ಳು ಲೆಕ್ಕ, ವಂಚನೆ ಅಂತ ಮೊಕದ್ದಮೆ. ಶಿಕ್ಷೆಯಾಯಿತು. ಆಗ ಸಂಪಾದಕರಿಗೆ ಅರವತ್ತೈದು ವರ್ಷ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ತಿರುವನಂತಪುರದ ಜೈಲಿನ ಅನ್ನ. ಜತೆಗೆ ಮಗ ಈಪ್ಪನ್ ಕೂಡ ಜೈಲಿನಲ್ಲಿ. ಮನೆಯ ಆಸ್ತಿ ಜಪ್ತಿ. 1940ರ ದಶಕದ ಮೊದಲ ವರ್ಷಗಳಲ್ಲಿ ಹೊರಬಂದರು. ಹೊರಬಂದು ಮಾಡುವುದೇನು? ಪತ್ರಿಕೆ ಇಲ್ಲ, ಬ್ಯಾಂಕಿಲ್ಲ, ದಿವಾನರು ಇನ್ನೂ ಕುರ್ಚಿಯಲ್ಲಿದ್ದರು.

ಹಾಗಾದರೆ ಬ್ಯಾಂಕನ್ನು ಕೊಂದರೋ, ಅದೇ ಸತ್ತಿತೋ?

ಕೇರಳದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವವನ ಮನೆತನ ನೋಡಿ ಬದಲಾಗುತ್ತದೆ. ನಮಗೆ ಆ ಹಂಗಿಲ್ಲ. ಮಂದಿಯ ಠೇವಣಿ ತೆಗೆದುಕೊಂಡು ಬೇಗ ಕೈಗೆ ಬಾರದ ಕಡೆ ಹಾಕಿದ್ದು ನಿಜ. ಮಂದಗತಿಯ ವರ್ಷಗಳಲ್ಲಿ ಕೆಟ್ಟ ಸಾಲ ಕೂಡಿದ್ದೂ ನಿಜವೇ ಇರಬೇಕು, ಅದು ಆ ಸೀಮೆಯ ಎಲ್ಲ ಬ್ಯಾಂಕುಗಳ ರೋಗ. ಅಂಥ ಬ್ಯಾಂಕು ಒಳ್ಳೆಯ ಕಾಲ ಬರುವವರೆಗೆ ತೆವಳಿಕೊಂಡು ಬದುಕಬಹುದಿತ್ತು. ಮರು ವರ್ಷವೇ ಯುದ್ಧ ಶುರುವಾಗಿ ರಬ್ಬರಿಗೆ ಎಲ್ಲಿಲ್ಲದ ಗಿರಾಕಿ ಬಂತು. ಆ ಕಾಲದವರೆಗೆ ಕಾಯಲು ಬಿಡಲಿಲ್ಲ ಅನ್ನುವುದು ದಿವಾನರ ಮೇಲಿನ ತಕರಾರು. ಅದರಲ್ಲಿ ಹುರುಳಿದೆ. ಬ್ಯಾಂಕಿನ ತಪ್ಪಿಗೆ ಪತ್ರಿಕೆಗೆ ಯಾಕೆ ಬೀಗ ಹಾಕಬೇಕಿತ್ತು? ಲೆಕ್ಕ ಸುಳ್ಳಾದರೆ ಲೆಕ್ಕ ಬರೆದವನನ್ನು ಹಿಡಿಯಲಿ. ಅಚ್ಚಿನ ಮೊಳೆ ಏನು ಮಾಡಿತ್ತು? ಆ ಒಂದು ಬೀಗವೇ ದಿವಾನರ ವಾದವನ್ನು ಅರ್ಧ ಮುಳುಗಿಸುತ್ತದೆ.

ಆದರೆ ಇನ್ನೊಂದು ಮಾತೂ ಇದೆ. ಈ ಕಥೆ ಹೇಳುವಾಗ ದಿವಾನರು ಬರುತ್ತಾರೆ, ಸಂಪಾದಕರು ಬರುತ್ತಾರೆ, ಜೈಲು ಬರುತ್ತದೆ. ತಿರುವಲ್ಲದ ಶಾಖೆಯ ಮುಂದೆ ಮಳೆಯಲ್ಲಿ ನಿಂತವರು ಬರುವುದಿಲ್ಲ. ಜೂನ್ ಮೂರನೇ ವಾರ ಅಂದರೆ ಅಲ್ಲಿ ಸುರಿಯುವ ಮಳೆ. ಅವರಿಗೆ ಸ್ಟೇಟ್ ಕಾಂಗ್ರೆಸ್ಸು ಗೆದ್ದರೇನು, ದಿವಾನರು ಗೆದ್ದರೇನು? ಶಾಲೆಯ ಮೇಷ್ಟರಿಗೆ, ವಿಧವೆಗೆ, ಮೆಣಸು ಮಾರಿದ ರೈತನಿಗೆ ಜೀವನಚರಿತ್ರೆ ಬರೆಯುವವರಿಲ್ಲ. ಅವರು ಹಣ ಇಟ್ಟದ್ದು ಬ್ಯಾಂಕಿನ ಲೆಕ್ಕಪತ್ರ ಓದಿ ಅಲ್ಲ. ಮನೋರಮಾದ ಸಂಪಾದಕರ ಹೆಸರು ನೋಡಿ. ಹೆಸರು ಒಳ್ಳೆಯದಿದ್ದರೂ ಹಣ ಹೋಯಿತು.

ಈ ಬ್ಯಾಂಕು ಬಿದ್ದಾಗ ದಕ್ಷಿಣದ ಬೇರೆ ಬ್ಯಾಂಕುಗಳ ಮುಂದೆಯೂ ಜನ ನಿಂತರು. ಅದು ಮದರಾಸು ಪ್ರಾಂತ್ಯಕ್ಕೆಲ್ಲ ಬಡಿದ ಚಳಿಜ್ವರ. ನಮ್ಮ ಜಿಲ್ಲೆಯ ಮುಖ್ಯ ಬ್ಯಾಂಕುಗಳು ಆ ದಶಕವನ್ನು ದಾಟಿಕೊಂಡವು. ಅದಕ್ಕೆ ಕಾರಣ ನಮ್ಮವರು ಬಲು ಜಾಣರು ಅಂತ ಎದೆ ತಟ್ಟಿಕೊಳ್ಳುವುದು ಬೇಡ. ಉಡುಪಿಯ ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ ಮನೆ ಮನೆಗೆ ಹೋಗಿ ದಿನದ ಪುಡಿಗಾಸು ಎತ್ತುತ್ತಿದ್ದರು. ದಿನಾ ಬಾಗಿಲಿಗೆ ಬರುವ ಮನುಷ್ಯನ ಮೇಲೆ ಜನರಿಗೆ ಭಯ ಕಡಿಮೆ. ನಮ್ಮ ಬ್ಯಾಂಕುಗಳ ಮೇಲೆ ಕಣ್ಣು ಕೆಂಪಗೆ ಮಾಡಿದ ದಿವಾನರೂ ಇರಲಿಲ್ಲ. ಆ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ಅದು ಬೇರೆ ನೋವು. ಬೋರ್ಡು ಹೋಯಿತು, ಠೇವಣಿ ಹೋಗಲಿಲ್ಲ.

ಮಾಪಿಳ್ಳೆಯವರ ಮಕ್ಕಳ ಸುದ್ದಿ ಹೇಳದೆ ಬಿಟ್ಟರೆ ಓದುಗರು ಬೈದಾರು. ಕಿರಿಯ ಮಗ, ಅವನ ಹೆಸರೂ ಮಾಮ್ಮನ್ ಮಾಪಿಳ್ಳೆ, ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದ. ಮನೆ ಮಠ ಹೋದ ಮೇಲೆ ಹಾಸ್ಟೆಲಿನ ನೆಲದ ಮೇಲೆ ಮಲಗಿ ಓದು ಮುಗಿಸಿದ. 1946ರಲ್ಲಿ ಮದರಾಸಿನ ತಿರುವೊಟ್ಟಿಯೂರಿನ ಒಂದು ಶೆಡ್ಡಿನಲ್ಲಿ ಮಕ್ಕಳ ಬಲೂನು ಮಾಡಲು ಕೂತ. ಆ ಬಲೂನು ಅಂಗಡಿ ಬೆಳೆದು ಎಂ.ಆರ್.ಎಫ್. ಆಯಿತು. ಅಪ್ಪ ನೆಡಿ ನೆಡಿ ಅಂತ ಬರೆದ ರಬ್ಬರು ಮಗನ ಕೈ ಹಿಡಿಯಿತು ಅನ್ನಿ. ಇನ್ನೊಬ್ಬ ಮಗ ಕೆ.ಎಂ. ಮ್ಯಾಥ್ಯೂ ನಮ್ಮ ಚಿಕ್ಕಮಗಳೂರು ಕಡೆ ಕುಟುಂಬದ ಕಾಫಿ ತೋಟ ನೋಡಿಕೊಂಡಿದ್ದವರು. ಚಿಕ್ಕಮಗಳೂರು ಮೈಸೂರು ಮಹಾರಾಜರ ಸೀಮೆ, ತಿರುವಾಂಕೂರಿನ ದಿವಾನರ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ. ಮ್ಯಾಥ್ಯೂ 1950ರ ದಶಕದಲ್ಲಿ ಪತ್ರಿಕೆಗೆ ಹೋಗಿ ಮುಂದೆ ಅದರ ಪ್ರಧಾನ ಸಂಪಾದಕರಾದರು. ಬ್ಯಾಂಕಿನ ಜತೆಗಾರ ಮಾತ್ತನ್ ಕೂಡ ಸುಮ್ಮನೆ ಕೂರಲಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಅದೇ ತಿರುವಲ್ಲದಿಂದ ಗೆದ್ದು ಲೋಕಸಭೆಗೆ ಹೋದರು. ಆಮೇಲೆ ಸುಡಾನಿಗೆ ಭಾರತದ ರಾಯಭಾರಿ. ಬ್ಯಾಂಕು ಬಿದ್ದ ಊರಿನ ಸೀಮೆಯವರೇ ಓಟು ಹಾಕಿ ಗೆಲ್ಲಿಸಿದರು ಅನ್ನುವುದನ್ನು ಏನೆಂದು ತಿಳಿಯಬೇಕೋ ಓದುಗರೇ ಹೇಳಲಿ.

1947ರ ಜುಲೈ 25ರಂದು ತಿರುವನಂತಪುರದಲ್ಲಿ ದಿವಾನರ ಮೇಲೆ ಕತ್ತಿಯಿಂದ ಹಲ್ಲೆ ನಡೆಯಿತು. ತಿರುವಾಂಕೂರನ್ನು ಪ್ರತ್ಯೇಕ ದೇಶ ಮಾಡುತ್ತೇನೆ ಅಂತ ಹಟ ಹಿಡಿದಿದ್ದವರು ಮರುತಿಂಗಳು ಅಧಿಕಾರ ಬಿಟ್ಟು ಹೋದರು. ನವೆಂಬರ್ 29ರಂದು ಮನೋರಮಾ ಮತ್ತೆ ಹೊರಬಂತು. ಒಂಬತ್ತು ವರ್ಷ ತುಕ್ಕು ಹಿಡಿದ ಬಾಗಿಲು. ಎಪ್ಪತ್ತನಾಲ್ಕರ ಮುದುಕರು ಮತ್ತೆ ಸಂಪಾದಕರ ಕುರ್ಚಿಯಲ್ಲಿ ಕೂತರು. 1953ರ ಡಿಸೆಂಬರ್ ಕೊನೆಗೆ ತೀರಿಕೊಂಡರು. ಪತ್ರಿಕೆ ಮತ್ತೆ ತೆರೆದರು, ಬ್ಯಾಂಕು ತೆರೆಯಲು ಹೋಗಲಿಲ್ಲ.

ಬ್ಯಾಂಕು ಬಿದ್ದ ಮರು ವರ್ಷ, 1939ರಲ್ಲಿ, ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೇ ಒಂದು ಪ್ರತ್ಯೇಕ ಕಾಯ್ದೆ ಬೇಕು ಅಂತ ಸರ್ಕಾರಕ್ಕೆ ಸಲಹೆ ಕಳಿಸಿತು. ಯುದ್ಧ ಅಡ್ಡ ಬಂತು. ಕಾಯ್ದೆ ಆಗಿದ್ದು 1949ರಲ್ಲಿ. ತನಿಖೆ ಮಾಡುವ ಅಧಿಕಾರ ಬಂತು, ಠೇವಣಿಗೆ ಮಾತ್ರ ಆಗಲೂ ಜಾಮೀನಿರಲಿಲ್ಲ. 1960ರ ಆಗಸ್ಟಿನಲ್ಲಿ ಅದೇ ಸೀಮೆಯ ಪಾಲಾ ಊರಿನ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಮತ್ತೆ ಅದೇ ಸಾಲು, ಅದೇ ಪಾಸ್ ಬುಕ್ಕು, ಅದೇ ಲಿಕ್ವಿಡೇಟರು. ಆ ಗಲಾಟೆಯ ಮೇಲೆ 1962ರ ಜನವರಿ ಒಂದರಿಂದ ಠೇವಣಿ ವಿಮೆ ಜಾರಿಗೆ ಬಂತು. ಬ್ಯಾಂಕು ಮುಳುಗಿದರೆ ಒಬ್ಬರಿಗೆ 1,500 ರೂಪಾಯಿವರೆಗೆ ಗ್ಯಾರಂಟಿ. ಏರುತ್ತಾ ಏರುತ್ತಾ 1993ರಲ್ಲಿ ಅದು ಒಂದು ಲಕ್ಷವಾಯಿತು, 2020ರಲ್ಲಿ ಐದು ಲಕ್ಷ. ತಿರುವಲ್ಲದಲ್ಲಿ ಮಳೆಯಲ್ಲಿ ನಿಂತವರಿಗೆ ಅದರಲ್ಲಿ ಒಂದು ಕಾಸೂ ಸಿಗಲಿಲ್ಲ.